ಹನ್ನೆರಡು ನಿಮಿಷ ಮುಂದಿದ್ದ ಗಡಿಯಾರ

2025ರ ಫೆಬ್ರವರಿ 10, ಸೋಮವಾರ, ಮಧ್ಯಾಹ್ನ 3.40. ಘಾಟ್ಕೋಪರ್‌ನ ಪೊಲೀಸ್ ಠಾಣೆಗೆ ಸೋಮನಾಥ ಎಂಬ ಮೂವತ್ತೊಂದು ವರ್ಷದ ಯುವಕ ದೂರು ಕೊಡಲು ಬಂದ. ಅವನ ಹೆಂಡತಿ ಸಾಧನಾ ಅಂದು ಬೆಳಗ್ಗೆ ಹತ್ತಿರದ ಧರ್ಮಾರ್ಥ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತು, ರಕ್ತಸ್ರಾವ ನಿಲ್ಲದೆ 10.05ಕ್ಕೆ ತೀರಿಕೊಂಡಿದ್ದಳು. ಅವಳಿಗೆ ಬೇಕಾದ ರಕ್ತ ಅದೇ ಆಸ್ಪತ್ರೆಯ ರಕ್ತನಿಧಿಯಲ್ಲಿತ್ತು. ಆದರೆ ಅದನ್ನು ಹೊರಗೆ ಕೊಡಲು ಕಂಪ್ಯೂಟರ್ ಚೀಟಿ ಬೇಕು. ಆ ಚೀಟಿ ಬರಲು ನಲವತ್ತೊಂಬತ್ತು ನಿಮಿಷ ಹಿಡಿಯಿತು.

"ಕಂಪ್ಯೂಟರ್ ಒಳಗ ಬಿಡವಲ್ದು ಅಂದ್ರು. ಯಾರೋ ಬೇಕಂತ ಕೆಡಿಸ್ಯಾರ್ರೀ ಸರ್," ಎಂದ ಸೋಮನಾಥ.

ಇನ್‌ಸ್ಪೆಕ್ಟರ್ ಜಯಸಿಂಹ ಮಾಟುಂಗದಲ್ಲಿ ಹುಟ್ಟಿ ಬೆಳೆದವರು. ಸಾವಿನ ದೂರು ಬಂದಾಗ ಯಾರನ್ನೂ ಅವಸರಪಡಿಸುವವರಲ್ಲ. ಯುವಕನಿಗೆ ನೀರು ಕುಡಿಸಿ, 4.30ಕ್ಕೆ ಎಫ್‌ಐಆರ್ ದಾಖಲಿಸಿದರು. ನಿರ್ಲಕ್ಷ್ಯದಿಂದ ಸಾವು, ಆರೋಪಿ ಅಪರಿಚಿತ.

5.15ಕ್ಕೆ ಇಬ್ಬರು ಪಂಚರ ಎದುರು ರಕ್ತನಿಧಿಯಲ್ಲಿ ಪಂಚನಾಮೆ ನಡೆಯಿತು. ಕೌಂಟರಿನಲ್ಲಿದ್ದದ್ದು ಹದಿನಾರು ವರ್ಷ ಹಳೆಯ ಕಂಪ್ಯೂಟರ್. ಆಸ್ಪತ್ರೆಯ ಹೊಸ ಸರ್ವರ್ ಅಂದು ಬೆಳಗ್ಗೆ 8.30ಕ್ಕಷ್ಟೇ ಚಾಲೂ ಆಗಿತ್ತು. ಇನ್ನು ಮುಂದೆ ಎಲ್ಲವೂ ಕಂಪ್ಯೂಟರಿನಲ್ಲೇ ಎಂದು ಆಡಳಿತ ಮಂಡಳಿ ಕೈಬರಹದ ರಿಜಿಸ್ಟರುಗಳನ್ನು ಹಿಂದಿನ ದಿನವೇ ಗೋದಾಮಿಗೆ ಕಳಿಸಿತ್ತು. ದೊಡ್ಡವರ ಈ ಜಾಣತನವನ್ನು ಹವಾಲ್ದಾರ್ ಭೀಮರಾಯ ಒಂದಕ್ಷರ ಬಿಡದೆ ಬರೆದುಕೊಂಡ.

ಸರ್ವರ್ ಹಾಕಿದ ಕಂಪನಿಯ ಎಂಜಿನಿಯರ್ ರೋಹಿತ್ ಒಂದೇ ಕಾಗದ ತಂದು ಕೊಟ್ಟ.

"ಸರ್, ಸರ್ವರ್ ಏಕ್‌ದಮ್ ಪರ್ಫೆಕ್ಟ್ ಇದೆ. ಹಳೇ ಮಶೀನ್ ಕ್ಲಾಕ್ ಯಾರೋ ಚೇಂಜ್ ಮಾಡಿದಾರೆ. 9.37ಗೆ, ಹನ್ನೆರಡು ಮಿನಿಟ್. ಐದಕ್ಕಿಂತ ಜ್ಯಾದಾ ಫರಕ್ ಇದ್ರೆ ನಮ್ಮ ಸರ್ವರ್ ಒಳಗೆ ಬಿಡಲ್ಲ."

"ಹಳೇ ಸರ್ವರ್?"

"ಅದು ಟೈಮ್ ಕೇಳ್ತಾನೇ ಇರ್ಲಿಲ್ಲ ಸರ್."

"ಬದಲಾಯಿಸಿದ್ದು ಯಾರು?"

"ನೀಲಕಂಠಪ್ಪ ಅಂತ ಇದ್ರಲ್ಲ, ಅವರ ಅಕೌಂಟ್‌ನಿಂದ."

ವಿಜಯಪುರದ ನೀಲಕಂಠಪ್ಪ ಹದಿನೆಂಟು ವರ್ಷ ಆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದ ಮನುಷ್ಯ. ಜನವರಿಯಲ್ಲಿ ಆ ಕೆಲಸ ರೋಹಿತನ ಕಂಪನಿಗೆ ಹೋಗಿ, ಇವನು ಹೊರಗಾಗಿದ್ದ. ಸೋಮವಾರ ಬೆಳಗ್ಗೆ ಅನುಭವ ಪತ್ರ ಕೇಳಲು ಆಸ್ಪತ್ರೆಗೆ ಬಂದಿದ್ದ. ರಕ್ತನಿಧಿಯ ಗುಮಾಸ್ತೆ ವನಮಾಲಾ ಮಂಗಳವಾರ ಹೇಳಿಕೆ ಕೊಟ್ಟರು: "ಅವರು ನನ್ನ ಕೌಂಟರ್ ಹತ್ರ ಬಂದಿದ್ರು. ಕೀಬೋರ್ಡ್ ಮುಟ್ಟಿದ್ರು."

ಅಂದೇ ನೀಲಕಂಠಪ್ಪನನ್ನು ವಿಚಾರಣೆಗೆ ಕರೆಸಲಾಯಿತು.

"ಸೋಮವಾರ ಆ ಕಂಪ್ಯೂಟರ್ ಮುಟ್ಟಿದ್ಯಾ?"

"ಇಲ್ರೀ ಸಾಹೇಬ್ರ."

"ನಿನ್ನ ಪಾಸ್‌ವರ್ಡ್ ಬೇರೆ ಯಾರಿಗೆ ಗೊತ್ತಿತ್ತು?"

"ನೆನಪಿಲ್ರೀ."

"ಗಡಿಯಾರ ಹನ್ನೆರಡು ನಿಮಿಷ ಬದಲಾಗಿದೆ. ಯಾಕೆ?"

ನೀಲಕಂಠಪ್ಪ ತಲೆಯೆತ್ತಿ ನೋಡಿದ. ಮತ್ತೆ ತಲೆ ತಗ್ಗಿಸಿದವನು ಚಹಾ ಬೇಕೇ ಎಂದರೂ ಬಾಯಿ ಬಿಡಲಿಲ್ಲ.

ಮೂರು ದಿನ ಅವನು ಬೆಳಗಿನಿಂದ ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕುಳಿತ. ಕೆಲಸ ಹೋದ ಸಿಟ್ಟಿಗೆ ಬಾಣಂತಿಯನ್ನು ಕೊಂದ ಎಂಬ ಮಾತು ಅವನು ವಾಸವಿದ್ದ ಚಾಳಿನವರೆಗೆ ಹೋಗಿ, ಮನೆಯ ಬಾಗಿಲಿಗೆ ಯಾರೋ ಕಲ್ಲು ಹೊಡೆದರು. ಗುರುವಾರ ಸಂಜೆಯೊಳಗೆ ಅವನನ್ನು ಬಂಧಿಸಿ ಎಂದು ಮೇಲಧಿಕಾರಿ ಎಸಿಪಿ ಫೋನ್ ಮಾಡಿದರು.

ಜಯಸಿಂಹರಿಗೆ ಸಮಾಧಾನವಿರಲಿಲ್ಲ. ಕಂಪ್ಯೂಟರ್ ಒಳಗೆ ಬಿಡದೆ ನಿಂತದ್ದು 8.51ಕ್ಕೆ. ಗಡಿಯಾರ ಬದಲಾದದ್ದು 9.37ಕ್ಕೆ. ಕೆಟ್ಟ ಮೇಲೆ ಕೆಡಿಸುವವರು ಯಾರು? ಬುಧವಾರ ಅವರು ರೋಹಿತನಿಂದ ಪೂರ್ತಿ ದಾಖಲೆ ತರಿಸಿ, ಭೀಮರಾಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಓದಿದರು.

8.51, ವನಮಾಲಾ ಅವರ ಲಾಗಿನ್: ಪಾಸ್‌ವರ್ಡ್ ಸರಿ, ಸಮಯ ತಪ್ಪು. ಆ ನಂತರ 9.34ರವರೆಗೆ ಹನ್ನೊಂದು ಪ್ರಯತ್ನ, ಹನ್ನೊಂದರಲ್ಲೂ ಪಾಸ್‌ವರ್ಡ್ ತಪ್ಪು. 9.37ಕ್ಕೆ ನೀಲಕಂಠಪ್ಪನ ಅಕೌಂಟಿನಿಂದ ಗಡಿಯಾರ ಹನ್ನೆರಡು ನಿಮಿಷ ಹಿಂದಕ್ಕೆ. 9.40ಕ್ಕೆ ಪಾಸ್‌ವರ್ಡ್ ಸರಿ, ಚೀಟಿ ಮುದ್ರಣ.

"ಮೊದಲ್ನೇ ಸಲ ಸರಿ ಒತ್ತಿದಾಕಿ ಆಮ್ಯಾಲೆ ಹನ್ನೊಂದು ಸಲ ತಪ್ಪು ಹೆಂಗ ಒತ್ತತಾಳ್ರೀ?" ಎಂದ ಭೀಮರಾಯ.

"ಬೇಕು ಅಂತ್ಲೇ ಒತ್ತಿದ್ರೆ?"

ಅಂದೇ ಭೀಮರಾಯ ಆಸ್ಪತ್ರೆಯ ಕ್ಯಾಮೆರಾಗಳನ್ನು ನೋಡಿ ಬಂದ. ಸೋಮವಾರ 9.20ರಿಂದ 10.10ರವರೆಗೆ ನೀಲಕಂಠಪ್ಪ ಮೂರನೇ ಮಹಡಿಯ ಕಚೇರಿಯಲ್ಲಿ ಕುಳಿತಿದ್ದ. ರಕ್ತನಿಧಿಯ ಕಡೆ ಹೋಗಿಯೇ ಇರಲಿಲ್ಲ. ಗೇಟಿನ ಕ್ಯಾಮೆರಾದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ವನಮಾಲಾ ದಿನವೂ ಸಂಜೆ 5.20ರೊಳಗೆ ಹೊರಬೀಳುತ್ತಿದ್ದರು. ಅವರ ಹಾಜರಿ ಹಿಡಿಯುವುದು ಅವರ ಕಂಪ್ಯೂಟರ್. ಅದರಲ್ಲಿ ಆಗ ದಿನವೂ ಕೆಲಸ ಮುಗಿಯುವ ಹೊತ್ತು, 5.30, ದಾಟಿರುತ್ತಿತ್ತು.

ಗುರುವಾರ ಸಂಜೆ 4 ಗಂಟೆ. ವನಮಾಲಾ ಅವರನ್ನು ಜಯಸಿಂಹ ಠಾಣೆಗೆ ಕರೆಸಿದ್ದರು; ಮಹಿಳಾ ಕಾನ್‌ಸ್ಟೆಬಲ್ ಶುಭಾ ಜೊತೆಯಲ್ಲಿದ್ದಳು.

"ಗಡಿಯಾರ ಯಾವಾಗಿಂದ ಮುಂದಿತ್ತು ವನಮಾಲಾ ಅವರೇ?"

ಆಕೆ ಹೇಳಿದರು: "ಆರು ವರ್ಷದಿಂದ. ನೀಲಕಂಠಪ್ಪನೇ ಮಾಡ್ಕೊಟ್ಟಿದ್ದು. ಮತ್ತೆ ಸರಿಹೋದ್ರೆ ನೀವೇ ಮಾಡ್ಕೊಳ್ಳಿ ಅಂತ ಪಾಸ್‌ವರ್ಡೂ ಹೇಳಿದ್ರು. ನನ್ನ ಮಗ ಚಿನ್ಮಯ್‌ಗೆ ಇಪ್ಪತ್ತಮೂರು ವರ್ಷ ಸರ್, ಬುದ್ಧಿ ನಾಲ್ಕು ವರ್ಷದ್ದು. ಮುಲುಂಡ್‌ನಲ್ಲಿ ಡೇ ಸೆಂಟರ್. ಆರಕ್ಕೆ ಬೀಗ ಹಾಕ್ತಾರೆ. ಐದೂವರೆಗೆ ಹೊರಟ್ರೆ ಲೋಕಲ್ ಟ್ರೇನ್ ತಪ್ಪತ್ತೆ. ಒಂದಿನ ತಪ್ಪಿತ್ತು. ಅವನು ರೋಡಲ್ಲಿ ನಿಂತು ಬಟ್ಟೆ ಒದ್ದೆ ಮಾಡ್ಕೊಂಡಿದ್ದ. ಜನ ನಗ್ತಿದ್ರು."

"ಆಫೀಸಲ್ಲಿ ಕೇಳಬಹುದಿತ್ತಲ್ಲ?"

"ಕೇಳಿದ್ದೆ. ಅರ್ಜಿ ಈಗಲೂ ಅವರ ಹತ್ರಾನೇ ಇದೆ. ಬೆಳಗ್ಗೆ ಕಾಲು ಗಂಟೆ ಮೊದಲೇ ಬರ್ತಿದ್ದೆ ಸರ್. ಯಾರಿಗೂ ಮೋಸ ಮಾಡ್ಲಿಲ್ಲ."

"ಸೋಮವಾರ?"

"ಸಮಯ ತಪ್ಪು ಅಂತ ಪರದೆ ಮೇಲೆ ಬಂತು. ನೋಡಿದ ಕೂಡಲೇ ಗೊತ್ತಾಯ್ತು. ಅಷ್ಟರಲ್ಲಿ ರೋಹಿತ್ ಬಂದು ಪಕ್ಕದಲ್ಲೇ ನಿಂತ್ಕೊಂಡ. ಆ ಸಾಲು ಮತ್ತೆ ಕಾಣಬಾರದು ಅಂತ ತಪ್ಪು ಪಾಸ್‌ವರ್ಡ್ ಒತ್ತಿದೆ. ಈಗ ಹೋಗ್ತಾನೆ, ಈಗ ಹೋಗ್ತಾನೆ ಅಂತ ಕಾದೆ. ಅವನು ಹೋದ ಕೂಡಲೇ ನೀಲಕಂಠಪ್ಪನ ಪಾಸ್‌ವರ್ಡ್ ಹಾಕಿ ಗಡಿಯಾರ ಸರಿ ಮಾಡಿದೆ. ರಕ್ತ ಅವಸರಕ್ಕೆ ಅಂತ ಗೊತ್ತಿತ್ತು. ಬಾಣಂತಿ ಗಂಡ ಕಿಟಕೀಲಿ ಕೈ ಮುಗೀತಿದ್ದ."

ಜಯಸಿಂಹರಿಗೆ ಆಕೆಯ ಮೇಲೆ ಕೋಪವೂ ಬಂತು, ಮರುಕವೂ ಬಂತು.

4.50ಕ್ಕೆ ಬಂಧನ. ಸುಳ್ಳು ಹೇಳಿಕೆ, ಸಾಕ್ಷ್ಯ ಮರೆಮಾಚಿದ ಕಲಮುಗಳೂ ಸೇರಿದವು. ಶುಭಾ ಬಂಧನದ ಕಾಗದಕ್ಕೆ ಸಹಿ ಕೇಳಿದಾಗ ವನಮಾಲಾ ಗೋಡೆಯ ಗಡಿಯಾರ ನೋಡಿದರು.

"ಚಿನ್ಮಯ್‌ನ ಯಾರು ಕರ್ಕೊಂಡ್ ಬರ್ತಾರೆ?"

ಬೆಂಚಿನಿಂದ ನೀಲಕಂಠಪ್ಪ ಎದ್ದ. ಅವನನ್ನು ಬಿಟ್ಟಿದ್ದೇವೆಂದು ಭೀಮರಾಯ ಆಗಷ್ಟೇ ಹೇಳಿದ್ದ.

"ನಾ ಹೋಗ್ತೀನ್ರೀ ಸಾಹೇಬ್ರ. ಹುಡುಗಗ ನನ್ನ ಗುರ್ತು ಐತಿ."

ವನಮಾಲಾ ಮೊದಲ ಬಾರಿಗೆ ಅತ್ತರು. "ನೀಲಕಂಠಪ್ಪ, ನಾನು ನಿಮ್ಮ ಹೆಸರು..."

"ಅದು ಆಮ್ಯಾಲೆ ಅಕ್ಕಾರ. ಗಾಡಿ ಹೋಗತೈತಿ."

ಜಯಸಿಂಹ ಸೆಂಟರಿಗೆ ಫೋನ್ ಮಾಡಿ, ಹುಡುಗನನ್ನು ಇವನ ಜೊತೆ ಕಳಿಸಲು ತಿಳಿಸಿದರು. ನೀಲಕಂಠಪ್ಪ ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿನ ಕಡೆ ಓಡಿದ.

ಶುಕ್ರವಾರ ಸೋಮನಾಥ ಠಾಣೆಗೆ ಬಂದ. ಜಯಸಿಂಹ ಏನನ್ನೂ ಮುಚ್ಚಿಡದೆ ಹೇಳಿದರು: ಕೆಲಸ ಹೋದೀತೆಂಬ ಹೆದರಿಕೆ, ಬೀಗ ಬಿದ್ದ ಬಾಗಿಲ ಮುಂದೆ ಮಗ ನಿಂತಾನೆಂಬ ಹೆದರಿಕೆ. ಸೋಮನಾಥ ಕೈಕಟ್ಟಿಕೊಂಡು ಕೊನೆಯವರೆಗೂ ಕೇಳಿದ.

"ಒಂದ ಮಾತ ಕೇಳ್ತೀನಿ ಸರ್. ಆ ಗಡಿಯಾರ ಸರಿ ಮಾಡಾಕ ಎಷ್ಟ ಹೊತ್ತ ಬೇಕಿತ್ತು?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸುಳ್ಳು ಹೇಳಿಬಿಡಬೇಕೆಂದು ಜಯಸಿಂಹರಿಗೆ ಇಷ್ಟು ಬಲವಾಗಿ ಎಂದೂ ಅನ್ನಿಸಿರಲಿಲ್ಲ.

"ಅರ್ಧ ನಿಮಿಷ," ಎಂದರು.