ತಂಗಿ ಅನ್ನಬ್ಯಾಡ್ರಿ!

“ತಂಗಿ, ಹುಷಾರ್!”

ಹಿಮದ ಮೇಲೆ ಕಾಲು ಜಾರಿದ ನಿರುಪಮಾ ಬೀಳುವ ಮೊದಲೇ ಚಿದಾನಂದ ಅವಳ ಕೈ ಹಿಡಿದಿದ್ದ. ಒಂದು ಕ್ಷಣ... ಇಬ್ಬರ ಉಸಿರಿನ ಹಬೆ ಒಂದಾಯಿತು. ಮರುಕ್ಷಣವೇ ಕಾದ ಪಾತ್ರೆ ಮುಟ್ಟಿದವನಂತೆ ಕೈ ಬಿಟ್ಟುಬಿಟ್ಟ.

ಬಿಟ್ಟ ರಭಸಕ್ಕೆ ಅವಳು ನಿಜಕ್ಕೂ ಬಿದ್ದಳು!

“ಅಯ್ಯೋ ತಂಗಿ, ಪೆಟ್ಟಾತೇನು?” ಅಂದನೇ ಹೊರತು ಎಬ್ಬಿಸಲು ಕೈ ಚಾಚಲಿಲ್ಲ. ಗೆಳತಿ ಉಮಾ ಬಂದು ಎಬ್ಬಿಸಿದಳು.

ಅಷ್ಟರಲ್ಲಿ ಹಿಂದಿನಿಂದ ಸಿಂಚನಾಳ ದನಿ. “ಚಿದೂ, ನಂಗೂ ಭಯ ಆಗ್ತಿದೆ. ಕೈ ಕೊಡಿ ಪ್ಲೀಸ್!”

ಕೊಟ್ಟ! ಹಬೆ ಉಗುಳುವ ಆ ನೆಲ ದಾಟುವವರೆಗೂ ಬಿಡಲಿಲ್ಲ.

ಐಸ್‌ಲ್ಯಾಂಡಿನ ನೆಲವೇ ವಾಸಿ, ಒಳಗಿನ ಕುದಿತ ಹೊರಗೆ ಬಿಡಲು ಅದಕ್ಕೆ ಅಲ್ಲಲ್ಲಿ ತೂತುಗಳಿದ್ದವು. ನಿರುಪಮಾ ಬಾಯಿ ಮುಚ್ಚಿಕೊಂಡೇ ಜೀಪಿನವರೆಗೆ ನಡೆಯಬೇಕಾಯಿತು.

ಅದು 2005ರ ಜನವರಿ. ಪ್ರವಾಸ ಹೊರಡಿಸಿದವಳು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿರುವ ಉಮಾ. ಮ್ಯಾಂಚೆಸ್ಟರ್‌ನಿಂದ ಹಾರಿಬಂದ ನಾಲ್ವರು ಬಾಡಿಗೆ ಜೀಪಿನಲ್ಲಿ ಜ್ವಾಲಾಮುಖಿಗಳ ನಡುವೆ ಸುತ್ತುತ್ತಿದ್ದರು. ನಾಳೆ ಕಳೆದರೆ ವಾಪಸ್.

ನಿರುಪಮಾ ಧಾರವಾಡದ ಹುಡುಗಿ, ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಡಾಕ್ಟರ್. ಆಸ್ಪತ್ರೆಯಲ್ಲಿ ಡ್ಯೂಟಿ ಪಟ್ಟಿ ಹಾಕುವವರ ಕೈಕಾಲು ಹಿಡಿದು ಈ ರಜೆ ಪಡೆದಿದ್ದಳು. ಚಿದಾನಂದ ಹಾವೇರಿಯವನು, ಸ್ಟಾಕ್‌ಪೋರ್ಟ್‌ನಲ್ಲೇ ಎಂಜಿನಿಯರ್. ಸಿಂಚನಾ ಬೆಂಗಳೂರಿನವಳು, ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ.

ಇಷ್ಟೇ ಆಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಉಮಾ ಇದೇ ಚಿದಾನಂದನ ಸಂಬಂಧವನ್ನು ನಿರುಪಮಾಳ ಮನೆಗೆ ತಂದಿದ್ದಳು. ಬೇಡ ಅಂದವಳು ನಿರುಪಮಾಳೇ! ಪರೀಕ್ಷೆಯ ಗಡಿಬಿಡಿಯಲ್ಲಿ, “ಅವ್ವಾ, ಏನರ ಹೇಳಿ ಬಿಡಿಸಿಬಿಡು” ಎಂದು ಫೋನ್ ಇಟ್ಟಿದ್ದಳು. ಅವ್ವ ಏನು ಹೇಳಿ ಬಿಡಿಸಿದಳೋ, ಕೇಳುವ ಗೋಜಿಗೂ ಹೋಗಿರಲಿಲ್ಲ.

ಮೊನ್ನೆ ಏರ್‌ಪೋರ್ಟಿನಲ್ಲಿ ಮೊದಲ ಸಲ ಅವನನ್ನು ಕಂಡಾಗ ಎದೆ ಧಸಕ್ಕೆಂದಿತ್ತು. ಇಷ್ಟು ಚೆಂದ ನಗುವವನನ್ನಾ ನಾನು ಬೇಡ ಅಂದದ್ದು? ನಗುತ್ತಲೇ ಹತ್ತಿರ ಬಂದವನು ಆಡಿದ ಮೊದಲ ಮಾತು, “ಬ್ಯಾಗ್ ಇತ್ತ ಕೊಡು ತಂಗಿ.”

ತಂಗಿಯಂತೆ ತಂಗಿ! ಬೇಕಂತಲೇ ಸೇಡು ತೀರಿಸಿಕೊಳ್ಳುತ್ತಿದ್ದಾನೆ, ಅಂದುಕೊಂಡಳು.

ಅಂದಿನಿಂದ ಜೀಪು ಓಡಿಸುವ ಅವನ ಪಕ್ಕದ ಸೀಟು ಸಿಂಚನಾಳದು. ನಕ್ಷೆ ನೋಡಿ ದಾರಿ ಹೇಳುವವಳು ಅವಳು, ಕಿತ್ತಳೆ ಸುಲಿದು ಅವನ ಕೈಗೆ ಕೊಡುವವಳೂ ಅವಳೇ. ಅವತ್ತು ಮಧ್ಯಾಹ್ನ ಅವಳ ಪುಳಿಯೋಗರೆಯನ್ನು “ಸೂಪರ್ ಆಗಿದೆ ಕಣ್ರೀ” ಎಂದು ಬೆಂಗಳೂರಿನ ಕನ್ನಡದಲ್ಲೇ ಹೊಗಳಿ, ಮತ್ತೆ ಹಾಕಿಸಿಕೊಂಡ. ನಿರುಪಮಾಳ ಅವ್ವ ಕಳಿಸಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮುಟ್ಟಲೂ ಇಲ್ಲ. ಹಾವೇರಿಯವನಿಗೆ ಶೇಂಗಾ ಚಟ್ನಿ ಬೇಡವಾಯಿತಂತೆ! ಹೊಟ್ಟೆ ಉರಿಯದೆ ಇರುತ್ತದೆಯೇ?

“ಚಿದೂ, ಭಾನುವಾರ ಲೀಡ್ಸ್‌ಗೆ ಬರ್ತೀರಾ?” ಜೀಪು ಹೊರಟಾಗ ಸಿಂಚನಾ ಮೆಲ್ಲಗೆ ಕೇಳಿದಳು. “ಅಪ್ಪ ಅಮ್ಮ ಬೆಂಗಳೂರಿಂದ ಬಂದಿದ್ದಾರೆ. ನಿಮ್ಮನ್ನ ನೋಡ್ಬೇಕಂತೆ.”

ಹಿಂದಿನ ಸೀಟಿನಲ್ಲಿ ನಿರುಪಮಾ ಕಿವಿ ನಿಮಿರಿಸಿ ಕುಳಿತಳು.

“ನಾಳೆ ಹೇಳ್ತೀನಿ,” ಅಂದ ಚಿದಾನಂದ.

ಬೇಡ ಅನ್ನಲಿಲ್ಲ! ಹೋಗಿಯೇ ಬಿಡುತ್ತಾನಾ? ತಡೆಯಲು ನಾನು ಯಾರು? ನಿರುಪಮಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಕೊನೆಯ ದಿನ. ಬೆಳಕು ಬಿಟ್ಟದ್ದೇ ತಡವಾಗಿ. ಎಂದೋ ಹರಿದು ಕಲ್ಲಾದ ಲಾವಾ ರಸ್ತೆಯ ಎರಡೂ ಕಡೆ ಕಪ್ಪಗೆ ಹರಡಿತ್ತು. ಫೋಟೋ ತೆಗೆಯಲೆಂದು ರಸ್ತೆಯಿಂದ ಸ್ವಲ್ಪ ಪಕ್ಕಕ್ಕೆ ಇಳಿಸಿದ ಜೀಪು ಹಿಮದಲ್ಲಿ ಹೂತುಕೊಂಡಿತು.

ಉಮಾಳಿಗೆ ಸೊಂಟನೋವು, ಒಳಗೇ ಕುಳಿತಳು. ಸಿಂಚನಾ ಸ್ಟಿಯರಿಂಗ್ ಹಿಡಿದಳು. ದಬ್ಬಲು ಉಳಿದವರು ಇಬ್ಬರೇ.

“ಹೂಂ, ದಬ್ಬು ತಂಗಿ!”

ನಿರುಪಮಾ ನೆಟ್ಟಗೆ ನಿಂತಳು. “ದಬ್ಬೂದಿಲ್ಲ!”

“ಹಾಂ?”

“ಒಮ್ಮೆ ನಿಮ್ಮ ಸಂಬಂಧ ಬ್ಯಾಡ ಅಂದೆ, ಖರೆ. ಅದಕ್ಕ ಹಿಂಗ ಚುಚ್ಚೂದೇನ್ರಿ? ಮಾತಿಗೊಮ್ಮೆ ತಂಗಿ, ತಂಗಿ! ನನಗ ತಂಗಿ ಅನ್ನಬ್ಯಾಡ್ರಿ!”

ಚಿದಾನಂದ ಕಕ್ಕಾಬಿಕ್ಕಿಯಾದ. “ಚುಚ್ಚೂದು ಯಾಕ? ನಮ್ಮಿಬ್ಬರ ಬೆಡಗು ಒಂದೇ ಅಲ್ಲೇನು? ನಿಮ್ಮವ್ವಾರ ಹೇಳಿ ಕಳಿಸಿದ್ರಲ್ಲ!”

ಬೆಡಗು! ಅವರ ಲಿಂಗಾಯತ ಮನೆತನಗಳಲ್ಲಿ ಅದು ಗೋತ್ರದ ಹಾಗೆ. ಒಂದೇ ಬೆಡಗಿನವರು ಅಣ್ಣ ತಂಗಿಯರ ಲೆಕ್ಕ, ಮದುವೆಯ ಮಾತೇ ಎತ್ತುವಂತಿಲ್ಲ. ಯಾರ ಮನಸ್ಸೂ ನೋಯದಂತೆ ಸಂಬಂಧ ಬಿಡಿಸಲು ಅವ್ವ ಹುಡುಕಿದ ನೆಪ ಇದು! ಹಿರಿಯರ ಮಾತು ಎಂದು ಅವನು ನಂಬಿಬಿಟ್ಟಿದ್ದ.

ನಿರುಪಮಾ ಮುಖ ತಗ್ಗಿಸಿ ಜೀಪಿನ ಮೇಲೆ ಕೈ ಇಟ್ಟಳು. ನಿಜ ಹೇಳಿದರೆ ನನ್ನನ್ನೂ ಅವ್ವನನ್ನೂ ಎಂಥವರು ಅಂದುಕೊಳ್ಳುತ್ತಾನೆ? ಹೇಳದಿದ್ದರೆ ಭಾನುವಾರ ಲೀಡ್ಸ್‌ಗೆ ಹೋಗುತ್ತಾನೆ...

ಬಂದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಜೀಪು ದಬ್ಬಿದಳು. ಅವನೂ ದಬ್ಬಿದ. ಚಕ್ರ ಗಿರ್ರೆಂದು ತಿರುಗಿ ಇಬ್ಬರ ಮುಖಕ್ಕೂ ಕಪ್ಪು ಕೆಸರು ಎರಚಿತು. ಜೀಪು ಮೇಲೆದ್ದು ರಸ್ತೆ ಸೇರಿ, ಸಾಕಷ್ಟು ದೂರ ಹೋಗಿ ನಿಂತಿತು.

ಅಲ್ಲಿಯವರೆಗೆ ನಡೆಯಬೇಕಿತ್ತು. ಈಗಲ್ಲದಿದ್ದರೆ ಇನ್ನು ಯಾವಾಗ?

“ಬೆಡಗು ಒಂದೇ ಅಲ್ರಿ,” ಅಂದಳು ನಿರುಪಮಾ. “ಅವ್ವ ಸುಳ್ಳು ಹೇಳ್ಯಾಳ. ಹೇಳಸಿದಾಕಿ ನಾನ. ನಿಮ್ಮ ಫೋಟೋ ಇದ್ದ ಲಕೋಟಿ ಸೈತ ತರಿಸಿ ನೋಡಲಿಲ್ಲ ನಾ... ತಪ್ಪಾತು.”

ಚಿದಾನಂದ ಬಿರಬಿರನೆ ಮುಂದೆ ನಡೆದ.

ಮುಗಿಯಿತು! ಅವಳ ಕೆನ್ನೆಯ ಕೆಸರಿನ ಮೇಲೆ ಕಣ್ಣೀರು ಇಳಿಯಿತು.

ಇದ್ದಕ್ಕಿದ್ದಂತೆ ಅವನು ಗಕ್ಕನೆ ನಿಂತು ತಿರುಗಿದ.

“ಏರ್‌ಪೋರ್ಟ್‌ನಾಗ ನಿನ್ನ ನೋಡಿದಾಗಿಂದ ನನ್ನನ್ನ ನಾನ ಬೈಕೊಳ್ಳಾಕತ್ತೀನಿ, ಗೊತ್ತೈತೇನು? ತಂಗಿ ಆಗಬೇಕಾದಾಕಿನ್ನ ಹಿಂಗ ನೋಡ್ತೀಯಲ್ಲೋ ಪಾಪಿ, ಅಂತ! ತಂಗಿ ಅಂತ ಕರದಿದ್ದು ನಿನ್ನ ಚುಚ್ಚಾಕಲ್ಲ. ನನ್ನ ಮನಸ್ಸಿಗೆ ಬುದ್ಧಿ ಹೇಳಾಕ.”

ನಿರುಪಮಾ ಕೆನ್ನೆ ಒರೆಸಿಕೊಂಡಳು. ಬಾಯಿಗೆ ಬಂದದ್ದು ಒಂದೇ ಹೆಸರು. “ಮತ್ತ... ಸಿಂಚನಾ?”

“ಬೇರೆ ಕಡೆ ಮನಸ್ಸು ತಿರುಗಸಾಕ ನೋಡಿದೆ, ಆಗಲಿಲ್ಲ. ಭಾನುವಾರ ಬರೂದಿಲ್ಲ ಅಂತ ಇವತ್ತ ಹೇಳ್ತೀನಿ. ಒಳ್ಳೆ ಹುಡುಗಿ, ಸುಮ್ಮನ ಕಾಯಿಸಬಾರದು.”

ಆ ‘ಒಳ್ಳೆ ಹುಡುಗಿ’ಗೂ ನಿರುಪಮಾಳ ಹೊಟ್ಟೆ ಚೂರು ಉರಿಯಿತು, ಸುಳ್ಳೇಕೆ!

“ಆ ಲಕೋಟಿ ನಿಮ್ಮವ್ವಾರ ಕಡೆ ಇನ್ನೂ ಇರಬೇಕು,” ಅಂದ ಅವನು ಮೆಲ್ಲಗೆ. “ಈಗರ ತರಿಸಿ ನೋಡ್ತೀಯೇನು?”

“ಬ್ಯಾಡ. ನೀವ ಎದುರಿಗೆ ನಿಂತೀರಲ್ಲ... ಸ್ವಲ್ಪ ಬೆಳಕಿನ ಕಡೆ ತಿರಗ್ರಿ.”

ಅವನು ತಿರುಗಿದ. ಕೆಸರು ಮೆತ್ತಿದ ಆ ಮುಖವನ್ನು ಅವಳು ನಾಚಿಕೆ ಬಿಟ್ಟು ನೋಡಿದಳು. ದೂರದಲ್ಲಿ ಜೀಪಿನ ಹಾರ್ನ್ ಕೇಳಿಸಿತು.

“ಕರಿಯಾಕತ್ತಾರ. ನೋಡಿ ಮುಗೀತೇನು, ನಿರೂ?”

“ಇಲ್ರಿ,” ಅಂದಳು ಅವಳು. “ಇನ್ನೂ ಭಾಳ ಹೊತ್ತು ಹಿಡೀತದ.”