ಕಣ್ಣಂಚಿನ ಬಿಳಿ ಉಂಗುರ

ವಿಲೆ ಪಾರ್ಲೆಯ ಆ ಆಪ್ಟಿಕಲ್ಸ್ ಅಂಗಡಿಗೆ ಸುಕೇಶ್ ಕನ್ನಡಕಕ್ಕೆಂದು ಬಂದದ್ದು ಒಂದೇ ಸಲ. ಆಮೇಲಿನ ಮೂರು ಸಲವೂ ಬಂದದ್ದು ಅಲ್ಲಿ ಕಣ್ಣು ಪರೀಕ್ಷಿಸುವ ಧಾತ್ರಿಗಾಗಿ. ಅದು ಅವಳಿಗೂ ಗೊತ್ತಿತ್ತು.

"ನನ್ನ ಕಿವಿ ಕಡೆ ನೋಡಿ," ಎಂದಳು ಯಂತ್ರದ ಆಚೆಯಿಂದ.

"ಕಿವಿ ಮಾತ್ರವಾ ಮೇಡಂ? ಬೇರೆ ಎಂತದೂ ನೋಡ್ಲಿಕ್ಕಿಲ್ವಾ?"

ಅವಳು ನಗಲಿಲ್ಲ. ಕಿಟಕಿಯಿಲ್ಲದ ಆ ಪುಟ್ಟ ಕತ್ತಲೆ ಕೋಣೆಯಲ್ಲಿ ಅವನ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು.

"ಇಷ್ಟು ಹೊತ್ತು ನೋಡಿದ್ರಲ್ಲ, ಎಂತ ಕಂಡಿತು?"

ಇನ್ನು ಮುಚ್ಚಿಡಲು ಅವಳಿಂದಾಗಲಿಲ್ಲ. "ಕಪ್ಪುಗುಡ್ಡೆ ಸುತ್ತ ಬಿಳಿ ಉಂಗುರ ಇದೆ. ರೆಪ್ಪೆ ಮೂಲೇಲಿ ಹಳದಿ ಕಲೆ. ವಯಸ್ಸಾದವರಿಗೆ ಉಂಗುರ ಇದ್ರೆ ಚಿಂತೆಯಿಲ್ಲ. ನಿಮ್ಮ ಹಾಗೆ ಮೂವತ್ತಮೂರಕ್ಕೇ ಅಂದ್ರೆ ಕೊಲೆಸ್ಟ್ರಾಲ್ ತುಂಬಾ ಇರಬಹುದು. ಇರಲೇಬೇಕು ಅಂತಲ್ಲ. ಒಂದ್ಸಲ ಹಾರ್ಟ್ ಡಾಕ್ಟರಿಗೆ ತೋರಿಸಿ, ಪ್ಲೀಸ್."

ಸುಕೇಶನ ತುಟಿಯ ನಗು ಆರಿತು. "ಅಪ್ಪನಿಗೂ ಇತ್ತು ಈ ಉಂಗುರ. ಅಣ್ಣನಿಗೂ ಇತ್ತು. ಇಬ್ರೂ ನಲವತ್ತು ದಾಟ್ಲಿಲ್ಲ."

ಅವನು ಎದ್ದು ಹೋದ. ಎರಡು ವಾರ ಸುಳಿವಿಲ್ಲ. ಕೊನೆಗೆ ಧಾತ್ರಿಯೇ ಲೋಕಲ್ ರೈಲು ಹತ್ತಿ ಗೋರೆಗಾಂವ್‌ನ ಅವನ ಹೋಟೆಲಿಗೆ ಹೋದಳು.

ಮೂರು ಕಡೆ ಗೋಡೆ, ಮುಂದೆ ಗಾಜು. ಒಂದು ಸ್ಟೂಲಿಗಷ್ಟೇ ಜಾಗವಿದ್ದ ಕೌಂಟರಿನೊಳಗೆ ಅವನು ಕೂತಿದ್ದ. ನೆತ್ತಿಯ ಮೇಲೆ ಹಾರ ಹಾಕಿದ ಎರಡು ಫೋಟೋ. ಅಪ್ಪ ಕೂತ ಸ್ಟೂಲು, ಅಣ್ಣ ಕೂತ ಸ್ಟೂಲು, ಈಗ ಅವನದು.

"ಟೆಸ್ಟ್ ಮಾಡಿಸಿದ್ರಾ?"

"ಮಾಡಿಸಿ ಎಂತ ಮಾಡ್ಲಿ? ಗೊತ್ತಾದ ದಿನದಿಂದ ದಿನ ಎಣಿಸ್ತಾ ಕೂರ್ಬೇಕು." ಅವನು ತಲೆ ತಗ್ಗಿಸಿದ. "ನೀವು ಪ್ರೀತಿಯಿಂದ ನೋಡ್ತೀರಿ ಅಂತ ನಾನು ಎಣಿಸಿದ್ದೆ. ನೀವು ರೋಗ ನೋಡ್ತಿದ್ರಿ."

"ಮೊದಲನೇ ದಿನವೇ ಕಂಡಿತ್ತು ಸುಕೇಶ್." ಅವಳು ಕೌಂಟರಿಗೆ ಇನ್ನಷ್ಟು ಹತ್ತಿರ ಬಂದಳು. "ಆವತ್ತೇ ಹೇಳಬೇಕಿತ್ತು. ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಬಾಯಿ ಮುಚ್ಕೊಂಡೆ. ಪ್ರತಿ ಸಲ ನೀವು ನಗ್ತಾ ಬಾಗಿಲು ತೆಗೆದಾಗಲೂ ನಂಗೆ ನನ್ನ ಮೇಲೇ ಅಸಹ್ಯ."

ಸುಕೇಶ್ ಅವಳನ್ನೇ ನೋಡಿದ. ಮತ್ತೆ ಅಡುಗೆಮನೆಯ ಹುಡುಗನತ್ತ ತಿರುಗಿ, "ಅಣ್ಣು, ಕೌಂಟರ್ ನೋಡ್ಕೊ. ನಾನು ಆಸ್ಪತ್ರೆಗೆ ಹೋಗಿ ಬರ್ತೇನೆ," ಎಂದ.

ರಿಪೋರ್ಟು ಹೆದರಿದಂತೆಯೇ ಬಂತು. ವಂಶಪಾರಂಪರ್ಯದ ಕೊಲೆಸ್ಟ್ರಾಲ್, ಒಂದು ರಕ್ತನಾಳ ಕಿರಿದಾಗತೊಡಗಿತ್ತು. ಜೀವನಪೂರ್ತಿ ಮಾತ್ರೆ, ಆದರೆ ತಡವಾಗಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ನಿಂತುಬಿಟ್ಟ. "ಇಷ್ಟು ವರ್ಷ ಇರ್ತೇನೆ ಅಂತ ಮಾತು ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ, ಧಾತ್ರಿ." ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನಾನು ವರ್ಷ ಕೇಳಲಿಲ್ಲ," ಎಂದಳು, ಅವನ ತಣ್ಣಗಿನ ಬೆರಳುಗಳನ್ನು ಹಿಡಿದು. "ನಾಳೆ ಬರ್ತೀರಾ?"

"ಬರ್ತೇನೆ."