ಹದಿನೆಂಟು ಕೆಜಿಯ ಚೀಲ

ಚಳಿಗಾಲದ ಕೊನೆಯ ವಾರ. ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷ ಇತ್ತು. ಶಾಲೆಯ ವ್ಯಾಯಾಮದ ಕೋಣೆಯ ಬಾಗಿಲಲ್ಲಿ ಟೈಲರಮ್ಮ ಏದುಸಿರು ಬಿಡುತ್ತಾ ನಿಂತಿದ್ದಳು.

ಒಳಗೆ ನಲವತ್ತು ದಾಟಿದ ಹೆಂಗಸರ ತರಗತಿ. ಕಲಿಸುವವನು ಐವತ್ತೆರಡರ ಕೋಚ್. ಒಂದು ಕಾಲಕ್ಕೆ ಭಾರ ಎತ್ತುವ ಪಟು. ಮದುವೆಯ ಮಾತು ಬಂದಾಗಲೆಲ್ಲ ನಕ್ಕು ಸುಮ್ಮನಾಗುತ್ತಾ ಒಂಟಿಯಾಗಿಯೇ ಉಳಿದುಬಿಟ್ಟಿದ್ದ.

ಅವನು ಅವಳ ಮುಂದೆ ಕುರ್ಚಿ ಎಳೆದಿಟ್ಟ.

"ಕೂತ್ಕೊಳ್ಳಿ ಮೇಡಂ. ಈಗ ಕೈ ಕಟ್ಕೊಂಡು ಎದ್ದೇಳಿ."

ಅವಳು ಪ್ರಯತ್ನಿಸಿದಳು. ಆಗಲಿಲ್ಲ. ಮತ್ತೊಮ್ಮೆ... ಊಹೂಂ! ಇಪ್ಪತ್ತಾರು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಕಾಲುಗಳಿಗೆ ಪೆಡಲ್ ತುಳಿಯುವುದೊಂದೇ ಗೊತ್ತಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಯಾಕೆ ಬಂದ್ರಿ, ಅದನ್ನ ಹೇಳಿ," ಎಂದ ಕೋಚ್.

"ನಮ್ಮಮ್ಮನ್ನ ಎತ್ತೋಕೆ."

ನಗು ನಿಂತಿತು.

ಸೊಂಟ ಮುರಿದು ಅಮ್ಮ ಮಲಗಿ ಮೂರು ತಿಂಗಳಾಗಿತ್ತು. ಹಾಸಿಗೆಯಿಂದ ಕುರ್ಚಿಗೆ ಕೂರಿಸಬೇಕೆಂದರೂ ಪಕ್ಕದ ಮನೆಯವರನ್ನು ಕೂಗಬೇಕು. ಪರವೂರಿನ ಅಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಎರಡು ತಿಂಗಳು ನೋಡ್ತೀನಿ. ನಿನ್ ಕೈಲಿ ಆಗ್ಲಿಲ್ಲ ಅಂದ್ರೆ ಅಮ್ಮನ್ನ ಕರ್ಕೊಂಡ್ಹೋಗಿ ನಾನಿರೋ ಊರಿನ ಆರೈಕೆ ಕೇಂದ್ರಕ್ಕೆ ಸೇರಿಸ್ತೀನಿ." ಅಂದಿನಿಂದ ಅಮ್ಮ ಗೋಡೆಯ ಕಡೆಗೆ ಮುಖ ಮಾಡಿಯೇ ಮಲಗುತ್ತಿದ್ದಳು.

ಕೋಚ್ ಕುರ್ಚಿಯ ಮೇಲೆ ಒಂದು ದಪ್ಪ ದಿಂಬು ಇಟ್ಟ. "ಈಗ ಎದ್ದೇಳಿ ನೋಡೋಣ."

ಎದ್ದಳು!

ಆ ಕ್ಷಣ ಅವನು ನಕ್ಕ ನಗೆಯನ್ನು ಅವಳು ಮನೆಯವರೆಗೂ ಹೊತ್ತುಕೊಂಡು ಹೋದಳು. 'ಥೂ, ಈ ವಯಸ್ಸಿನಲ್ಲಿ ಇದೇನು...' ಎಂದು ತನ್ನನ್ನೇ ಗದರಿಕೊಂಡಳು.

ದಿನಾ ಮೊದಲು ಮೈದಾನದ ಸುತ್ತ ಚುರುಕು ನಡಿಗೆ. "ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಅಷ್ಟು ಜೋರಾಗಿ ನಡೀರಿ!" ಎಂದು ಕೋಚ್ ಕೂಗುತ್ತಿದ್ದ.

"ನನಗೆ ಕೂತಲ್ಲೂ ಹಾಡೋಕೆ ಬರಲ್ಲ ಸಾರ್, ನಾನೇನ್ ಮಾಡ್ಲಿ?" ಎನ್ನುತ್ತಿದ್ದಳು ಅಂಚೆ ಕಚೇರಿಯ ಪೋಸ್ಟಕ್ಕ.

ನಾಲ್ಕನೇ ದಿನ ಟೈಲರಮ್ಮ ತಲೆಸುತ್ತಿ ಬಿದ್ದಳು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಬಂದಿದ್ದಳು, ಅಷ್ಟೇ. ನೀರು ಕುಡಿಸುವ ಆತುರದಲ್ಲಿ ಕೋಚ್ ಅರ್ಧ ಲೋಟ ತನ್ನ ಅಂಗಿಗೇ ಚೆಲ್ಲಿಕೊಂಡದ್ದನ್ನು ಪೋಸ್ಟಕ್ಕ ನೋಡಿದಳು. ಇವಳು ನೋಡಲಿಲ್ಲ.

ಆಮೇಲೆ ಮರಳಿನ ಚೀಲಗಳು ಬಂದವು. ದಪ್ಪ ಬಟ್ಟೆಯಲ್ಲಿ ಎಲ್ಲರ ಚೀಲಗಳನ್ನೂ ಟೈಲರಮ್ಮನೇ ಹೊಲಿದುಕೊಟ್ಟಳು. ಶನಿವಾರಕ್ಕೊಮ್ಮೆ ಮರಳು ತೂಗಿ ತುಂಬುವುದು ಕೋಚ್, ಬಾಯಿ ಹೊಲಿಯುವುದು ಅವಳು. ಚೀಲವನ್ನು ಎದೆಗೆ ಅಪ್ಪಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕೂತು ಏಳಬೇಕು. ಐದನೇ ವಾರ ಅವಳ ಚೀಲ ಹದಿನೆಂಟು ಕೆಜಿಗೆ ಮುಟ್ಟಿತು. ಅಮ್ಮ ಒಂದು ಕಾಲು ಊರಿದರೆ ಅವಳು ಎತ್ತಬೇಕಾದ ಭಾರ ಅಷ್ಟೇ ಎಂದು ಕೋಚ್ ಲೆಕ್ಕ ಹಾಕಿದ್ದ. 'ಇಷ್ಟು ಸಲೀಸಾಗಿ ಎತ್ತುತ್ತಿದ್ದೇನಲ್ಲ!' ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಸೋಮವಾರ ಅವಳ ಪಾದದ ಮೇಲೆ ಮರಳು ಉದುರಿತು. ಚೀಲದ ಬಾಯಿ ನೋಡಿದಳು. ಅವಳ ಹೊಲಿಗೆ ಒತ್ತಾಗಿ, ನೇರವಾಗಿ ಓಡುತ್ತದೆ. ಇದು ಉದ್ದುದ್ದ, ವಾರೆ. ಬೇರೆ ಯಾರದೋ ಕೈ!

ಚೀಲವನ್ನು ತಕ್ಕಡಿಗೆ ಹಾಕಿದಳು. ಹನ್ನೊಂದು ಕೆಜಿ.

"ಇದನ್ನ ಹೊಲಿದೋರು ಯಾರು ಸಾರ್?"

ಕೋಚ್ ತಲೆ ತಗ್ಗಿಸಿದ. ಟೈಲರಿನ ಕಣ್ಣಿಗೆ ತನ್ನ ಹೊಲಿಗೆ ಬೀಳುತ್ತದೆಂದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

"ನಾನೇ... ಪ್ರತಿ ವಾರ ನೀವು ಹೊಲಿದು ಹೋದ್ಮೇಲೆ ಬಿಚ್ಚಿ ಸ್ವಲ್ಪ ಮರಳು ತೆಗೀತಿದ್ದೆ. ನೀವು ಮತ್ತೆ ಬಿದ್ದುಬಿಟ್ರೆ ಅಂತ..."

"ನಮ್ಮಮ್ಮನ ಭಾರಾನೂ ಹೀಗೇ ಕಮ್ಮಿ ಮಾಡ್ತೀರಾ?" ಅವಳು ಚೀಲವನ್ನು ತಕ್ಕಡಿಯಿಂದ ಕೆಳಗೆ ತಳ್ಳಿದಳು. "ಮೂರೇ ವಾರ ಉಳಿದಿರೋದು! ಅಯ್ಯೋ ಪಾಪ ಅಂತ ನೋಡೋಕೆ ನಮ್ಮಣ್ಣ ಒಬ್ನೇ ಸಾಕಾಗಿತ್ತು."

ಅಂದು ಅವಳು ಅತ್ತದ್ದು ಮನೆಯ ಬಚ್ಚಲಿನಲ್ಲಿ. 'ಅವನ ಕಣ್ಣಿನಲ್ಲಿ ನಾನು ಕೈಲಾಗದವಳೇ...' ಹೋಗುವುದು ಬೇಡ ಅನ್ನಿಸಿತು. ಗೋಡೆಯ ಕಡೆಗೆ ತಿರುಗಿದ ಅಮ್ಮನ ಬೆನ್ನು ಕಂಡಿತು.

ಮರುದಿನ ಆರಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲಲ್ಲಿ ನಿಂತಿದ್ದಳು.

"ನನ್ನೆದುರಿಗೇ ತೂಗಿ. ಎಷ್ಟು ಎತ್ತಬಲ್ಲೆ ಅಂತ ನಾನು ಹೇಳ್ತೀನಿ."

ಕೋಚ್ ಎಲ್ಲರ ಮುಂದೆ ತನ್ನ ತಪ್ಪು ಒಪ್ಪಿಕೊಂಡ. ಆಮೇಲೆ ಮೂರು ವಾರ ಇಬ್ಬರ ನಡುವೆ ಎರಡೇ ಮಾತು.

"ಇನ್ನೊಂದು ಕೆಜಿ ಹಾಕ್ಲಾ?"

"ಹಾಕಿ."

ತೊಡೆ ಉರಿಯಿತು, ಮೆಟ್ಟಿಲು ಇಳಿಯುವಾಗ ಕಣ್ಣಲ್ಲಿ ನೀರು ಬಂತು. ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ಶುಕ್ರವಾರ ನಿಜವಾದ ಹದಿನೆಂಟು ಕೆಜಿ ಹೊತ್ತು ಹತ್ತು ಸಲ ಎದ್ದಳು. ಪೋಸ್ಟಕ್ಕ ಶಿಳ್ಳೆ ಹಾಕಿದಳು!

ಭಾನುವಾರ ಅಣ್ಣ ಬಂದ. "ನಾನು ಕೈ ಹಾಕಲ್ಲಮ್ಮ. ಮಾಡಿ ತೋರ್ಸು."

ಹಿಡಿದೆತ್ತಲು ಅವಳು ಅಮ್ಮನ ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿದಳು. ಮೊಣಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಅಮ್ಮನನ್ನು ಎದೆಗೆ ಅಪ್ಪಿಕೊಂಡಳು. "ಅಮ್ಮ, ಒಳ್ಳೇ ಕಾಲು ಊರು. ಒಂದು... ಎರಡು..."

ಅಮ್ಮ ಎದ್ದಳು. ತಿರುಗಿದಳು. ಕುರ್ಚಿಯಲ್ಲಿ ಮೆಲ್ಲಗೆ ಕೂತಳು.

ಅಣ್ಣ ತಾನಾಗಿಯೇ ಬಂದು ಅಮ್ಮನ ಬೆನ್ನಿಗೆ ದಿಂಬು ಇಟ್ಟ. ಅಮ್ಮ ಮಾತ್ರ ಕಿಟಕಿಯಾಚೆ ನೋಡಿ, "ಯಾರೇ ಅದು ಗೇಟ್ ಹತ್ರ? ಬಿಸಿಲಲ್ಲಿ ನಿಂತು ಒಣಗ್ತಿದ್ದಾನೆ," ಎಂದಳು.

ಟೈಲರಮ್ಮ ಹೊರಗೆ ಬಂದಳು.

"ಏನಾಯ್ತು?" ಕೋಚ್‌ನ ಮುಖ ಬಿಳಿಚಿಕೊಂಡಿತ್ತು.

"ಎತ್ತಿದೆ."

ಅವನು ಗೇಟ್ ಹಿಡಿದುಕೊಂಡು ಕಣ್ಣು ಮುಚ್ಚಿದ. "ಒಂದು ಮಾತು ಹೇಳ್ಬೇಕು. ಅವತ್ತು ಬೇರೆ ಯಾರು ಬಿದ್ದಿದ್ರೂ ಎಬ್ಬಿಸಿ ನಡೆಸ್ತಿದ್ದೆ. ನೀವು ಬಿದ್ದಾಗ... ಕಲಿಸೋದೇ ಮರ್ತುಹೋಯ್ತು. ಅದು ಪಾಪ ಅಂತ ಅಲ್ಲ ಮೇಡಂ. ಪ್ರೀತಿ... ಹೆದರಿಕೊಂಡ ಪ್ರೀತಿ."

ಅವಳ ಕೆನ್ನೆ ಬಿಸಿಯಾಯಿತು. "ಇನ್ನೂ ಹೆದ್ರಿಕೆ ಇದೆಯಾ?"

"ಇದೆ. ಆದ್ರೆ ನಿಮ್ಮ ಭಾರಕ್ಕೆ ಇನ್ಮೇಲೆ ಕೈ ಹಾಕಲ್ಲ. ಜೊತೆಗೆ ನಡೀತೀನಿ, ಅಷ್ಟೇ."

"ಈ ಮೇಡಂ ಅನ್ನೋದು ಬಿಟ್ರೆ ನಡೀಬಹುದು," ಎಂದು ಅವಳು ಗೇಟ್ ತೆಗೆದಳು. "ಬನ್ನಿ. ಅಮ್ಮ ಕೂತ್ಕೊಂಡಿದ್ದಾರೆ."

ಅಣ್ಣ ಹೊರಟಿದ್ದು ಸೋಮವಾರ ಬೆಳಿಗ್ಗೆ. ಒಬ್ಬನೇ ಹೊರಟ.